ಬಿಚ್ಚಿಟ್ಟ ಟಪ್ಪು

ಇಂಡಿ ರಸ್ತೆದಾಗ ನಮ್ಮ ಅಂಗಡಿ.
ಬಿಸಲ ಏರಿದಂಗ ರೆಕ್ಸಿನ್ನಿನ ವಾಸನಿ
ಎದ್ದು ಗಿರಾಕಿ ಗತೆ ಬಾಗಲದಾಗ ಕೂಡತದ.
ಮುತ್ಯಾ ಟಾಂಗಾಕ್ಕ ಟಪ್ಪು ಹೊಲದ,
ಅಪ್ಪ ಜೀಪಿಗೆ, ಆಟೋಕ್ಕ.
ನಾ ಹೊಲಿಯೂದು, ಏನ ಬಂದರ ಅದಕ್ಕ.

ಮೊನ್ನಿ ಬಂತು ಒಂದು, ನೆಲಕ್ಕ ಹೊಟ್ಟಿ ಹಚಗೊಂಡು,
ಓತಿಕ್ಯಾತ ಬಂದಂಗ.
ತಿಕೋಟಾದ ಒಣದ್ರಾಕ್ಷಿ ಸಾವಕಾರ ಸಂಗನಬಸು ಹಂಜಗಿ
ಪುಣೆದಾಗ ಯಾರೋ ಮಾರಿದ್ದನ್ನ ತಂದಿದ್ದ.
ಎರಡ ಬಾಗಲ, ಎರಡ ಕುರ್ಚಿ,
ನೆತ್ತಿ ಮ್ಯಾಲೆ ಕರೇ ಗಾಜಿನ ಹಲಗಿ ಎರಡು,
ನಡುವ ಒಂದು ಉಕ್ಕಿನ ಪಟ್ಟಿ,
ಬೈತಲಿ ತಗದಂಗ.

"ಸೋರತದ ಕಸ್ತೂರಕ್ಕ. ಬಲಕ್ಕಷ್ಟ.
ನನ್ನ ತಲಿಮ್ಯಾಲಷ್ಟ."

ಅಪ್ಪ ಕಟ್ಟಿ ಇಳದು ಬಂದು ಕೈಲೆ ತಡವಿದ.
ಕಣ್ಣಿಗೆ ಪೊರಿ ಬಂದದ, ಬೆರಳಿಗಿನ್ನೂ ಬಂದಿಲ್ಲ.
"ಟಪ್ಪಿನಾಗ ಜಾತಿ ಭಾಳ" ಅಂದ.
"ಬೆಸುಗಿ ಹಾಕಿದ್ದು ಒಂದು, ಹುಟ್ಟಿದಾಗಿಂದ ಮುಚ್ಚಿದ್ದು.
ಗೋಳಗುಮ್ಮಟ ಇದ್ದಂಗ,
ಒಳಗ ಆಡಿದ ಮಾತು ಒಳಗ ತಿರಗತದ.
ಬಟ್ಟೀದು ಟಾಂಗಾದ ತಮ್ಮ.
ಕಮಾನ ಮಡಚು, ಬೆನ್ನಿಗೆ ಒಗಿ.
ಆದರ ಮಡಚಿದಲ್ಲೇ ಹರೀತದ,
ಮನಶ್ಯಾನ ಮೊಣಕಾಲ ಗತೆ.
ತಗಡಿಂದ ಇನ್ನೊಂದು ಅದ ಅಂತಾರ,
ಗುಂಡಿ ಒತ್ತಿದರ ತಾನ ಮಡಚಿಕೊಂಡು
ಡಿಕ್ಕಿ ತುಂಬ ತಾನ ಕೂಡತದಂತ,
ಬೀಗರು ಬಂದು ಪಡಸಾಲಿ ಹಿಡದಂಗ.
ನಿನ್ನ ಚೀಲ ನಿನ್ನ ತೊಡಿಮ್ಯಾಲೆ."

"ಮತ್ತ ಇದು?"

"ಇದು ಅರ್ಧ ಮನಸಿಂದು.
ನೆತ್ತಿ ಬಿಚ್ಚತದ, ಬೆನ್ನ ಹಿಂದಿನ ಕಮಾನ ಬಿಚ್ಚೂದಿಲ್ಲ.
ಬಾರಾಕಮಾನದಾಗ ನಿಂತು ಮ್ಯಾಲೆ ನೋಡು,
ಅಲ್ಲಿ ಕಮಾನ ಎದ್ದವು, ನೆತ್ತಿ ಆಗಲೇ ಇಲ್ಲ.
ಇದಕ್ಕ ನೆತ್ತಿ ಆಗೇದ.
ಬಿಚ್ಚಿದ ಮ್ಯಾಲೆ ಎಲ್ಲಿ ಇಡಬೇಕು,
ಅದ ದೊಡ್ಡ ಚಿಂತಿ."

ರಬ್ಬರು ಬಿಸಲಿಗೆ ಕಟ್ಟಿಗಿ ಆಗಿತ್ತು.
ಕೆಟ್ಟ ಫ್ರಿಜ್ಜಿನ ಬಾಗಲದ ಪಟ್ಟಿ ಕೊಯ್ದು
ಸುತ್ತ ಕೂಡಿಸಿದೆ, ಸೊಲೂಶನ್ ಹಚ್ಚಿದೆ.
"ಒಣಗಲಿ, ಹಲಗಿ ಇಲ್ಲೇ ಇರಲಿ" ಅಂದೆ.
"ಹಂಗಾರ ಹಂಗ ಒಂದು ಸುತ್ತು" ಅಂದ ಸಾವಕಾರ,
"ನೀನೂ ಬಾ, ಇಪ್ಪತ್ತೆರಡು ವರ್ಷ ಟಪ್ಪು ಹೊಲದಿ,
ಇಲ್ಲದ್ದು ಹ್ಯಾಂಗಿರತದ ನೋಡು."

ಸೆರಗ ಹಲ್ಲಾಗ ಕಚ್ಚಿ ಕುಂತೆ.
ಸೊಲ್ಲಾಪುರ ರಸ್ತೆಗೆ ಹತ್ತಿದ ಮ್ಯಾಲೆ
ಬೇವಿನ ಟೊಂಗಿ ನನ್ನ ಹಣಿಮ್ಯಾಲೆ ಓಡಿದವು,
ಒಂದು ಹದ್ದು ನಮ್ಮ ಜೋಡಿ ಸ್ವಲ್ಪ ದೂರ ಬಂತು.
ತಾರ ತಂತಿಗೆ ಗುಬ್ಬಿ ಎಷ್ಟು ಕುಂತಿದ್ದವು
ಎಣಿಸಲಿಕ್ಕೆ ಬರತಿತ್ತು, ಎಣಿಸಿದೆ.
ನನಗ ಗೊತ್ತಿದ್ದದ್ದು ಹೊಲಿಗಿ, ಒಳಮಗ್ಗಲಿನ ಅಸ್ತರ.
ಇದಕ್ಕ ಅಸ್ತರ ಇರಲಿಲ್ಲ.

ಹೊಳ್ಳಿ ಬರೂದ್ರಾಗ ಬಬಲೇಶ್ವರದ ಕಡಿಂದ
ಒಂದು ಕರೇ ಮಾಡ ಎದ್ದು ನಮ್ಮನ್ನ ನೋಡಿತು.
ಓಡಿಸಿದ. ಅದೂ ಓಡಿತು.
ಹನಿ ಅಲ್ಲ, ಕಾಳು, ಜ್ವಾಳದ ಚೀಲ ಹರದಂಗ.
ಅವನ ಮ್ಯಾಲೆ ಒಂದು ಮಳಿ, ನನ್ನ ಮ್ಯಾಲೆ ಒಂದು ಮಳಿ.
ನಡುವಿನ ಪಟ್ಟಿ ಕೆಳಗ
ನಾಕ ಬೆರಳಗಲ ಗೇರಿನ ಕೋಲು ಅಷ್ಟ ಒಣಾ.

ಬೇವಿನ ಬುಡಕ್ಕ ಒಂದು ಆಟೋ ನಿಂತಿತ್ತು.
ಟಪ್ಪಿನ ಅಂಚಿನಾಗ ಹಳದಿ ದಾರದ ಜೋಡಹೊಲಿಗಿ,
ಅಪ್ಪನ ಕೈ. ಹದಿನೈದು ವರ್ಷದ್ದು.
ಮಕ್ತುಮ ಪಡದೆ ಎತ್ತಿ ಕರದ:
"ಬರ್ರಿ ಸಾವಕಾರ, ಒಳಗ ಜಾಗಾ ಅದ."
ಮೂವರೂ ಕುಂತು ನೋಡಿದೆವು,
ಕಾರು ತುಂಬೂದನ್ನ, ಹೌದು ತುಂಬೂದನ್ನ,
ಹೌದಿನಾಗ ನೀರು ಬಿಟ್ಟಂಗ ಸಾವಕಾಶ.
ಸಾವಕಾರ ಒಂದು ಬೀಡಿ ಇಸಗೊಂಡ.
ಯಾರೂ ನಗಲಿಲ್ಲ, ಮಕ್ತುಮ ಬಿಟ್ಟು.

ಅಂಗಡಿಗೆ ಬಂದರ ಹಲಗಿ ಎರಡೂ
ಗ್ವಾಡಿಗೆ ಆತು ನಿಂತಿದ್ದವು, ಹನಿ ಸೈತ ತಾಕಿಲ್ಲ.
ಒಂದರ ಮುಂದ ಬೆಕ್ಕು ತನ್ನ ಮಾರಿ ನೋಡಕೋತ ಕುಂತದ.
ಅಪ್ಪ ಸಪ್ಪಳಕ್ಕ ಕುತ್ತಿಗಿ ತಿರುವಿ ಕೇಳಿದ:
"ಬಲಕ್ಕ ಇನ್ನೂ ಸೋರತದೇನ?"

"ಇಲ್ಲಪ್ಪ" ಅಂದೆ, ಸೆರಗ ಹಿಂಡಕೋತ.
"ಈಗ ಎರಡೂ ಕಡೆ ಸಮ."